ಹಳೆಯ ಚಿತ್ರದ ಅಂಚು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ಈಗ ಮನೆ ಮನೆಯಲ್ಲೂ ಗೋಡೆಗೆ ಬಣ್ಣ ಹೊಡೆಯುವ ಗಡಿಬಿಡಿ. ನಾಲ್ಕು ತಿಂಗಳ ಮಳೆಗೆ ಬೂಸ್ಟು ಹಿಡಿದ ಫ್ರೇಮುಗಳೆಲ್ಲ ಗೋಡೆಯಿಂದ ಕೆಳಗಿಳಿಯುವ ಹೊತ್ತು. ಕೆಲವು ಗುಜರಿ ಅಂಗಡಿಗೆ ಹೋಗುತ್ತವೆ. ಕೆಲವು ಹೊಸ ಫ್ರೇಮ್ ಹಾಕಿಸಲು ಹೋಗುತ್ತವೆ. ಫ್ರೇಮ್ ಅಂಗಡಿಗೆ ಹೊರಟವರಿಗೆ ನನ್ನದೊಂದು ವಿನಂತಿ ಉಂಟು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದೀತು. ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಮಂಗಳೂರಿನ ಬೇರೆ ಬೇರೆ ಪ್ರೆಸ್ಸುಗಳಲ್ಲಿ 34 ವರ್ಷ ಆಫ್‌ಸೆಟ್ ಮೆಷಿನ್ ಓಡಿಸಿದವನು. ಈಗ ನಿವೃತ್ತ. ನಮ್ಮ ಮನೆಯಲ್ಲಿ ಒಂದು ಯುದ್ಧದ ಚಿತ್ರ ಇದೆ. ಕಲ್ಲಚ್ಚಿನಲ್ಲಿ ಮುದ್ರಿಸಿ, ಮೇಲೆ ಕೈಯಿಂದ ಬಣ್ಣ ತುಂಬಿದ್ದು. ಅಚ್ಚಾದ ವರ್ಷ 1847. ಮುದ್ರಿಸಿದ ಜಾಗ ನ್ಯೂಯಾರ್ಕ್.

ಅದು ನಮ್ಮ ಮನೆಗೆ ಬಂದದ್ದು ಹೀಗೆ. ನನ್ನ ಸೋದರಮಾವ ಹಡಗಿನಲ್ಲಿ ಸ್ಟೀವರ್ಡ್ ಆಗಿದ್ದರು. 1968ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಹಡಗು ಕೆಲವು ದಿನ ನಿಂತಿತ್ತಂತೆ. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ನಾಲ್ಕು ಡಾಲರ್ ಕೊಟ್ಟು ಇದನ್ನು ತೆಗೆದುಕೊಂಡರು. ಕುದುರೆ ಚೆನ್ನಾಗಿ ಕಂಡಿತು, ಅದಕ್ಕೇ ತಂದೆ ಎಂದು ಹೇಳುತ್ತಿದ್ದರು. ಉರ್ವದ ಅವರ ಹಂಚಿನ ಮನೆಯಲ್ಲಿ, ಚಾವಡಿಯ ಬಾಗಿಲ ಮೇಲೆ ತೂಗು ಹಾಕಿದರು. ಒಂದು ಪಕ್ಕ ಲಕ್ಷ್ಮಿ, ಇನ್ನೊಂದು ಪಕ್ಕ ಸರಸ್ವತಿ, ನಡುವೆ ಮದ್ದಿನ ಹೊಗೆ, ಕುದುರೆ, ಬಾವುಟ. ನಮಗೆ ಮಕ್ಕಳಿಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಚಿತ್ರದ ಕೆಳಗೆ ಬಿಳಿ ಅಂಚು ಇತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ಬರಹ. ನಾನು ಆಗ ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಮಾವ ರಜೆಯಲ್ಲಿ ಬಂದಾಗ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ ಒಂದೊಂದೇ ಅಕ್ಷರ ಓದಿಸುತ್ತಿದ್ದರು. 'ಬ್ಯಾಟಲ್ ಆಫ್ ಬುಯೆನಾ ವಿಸ್ತಾ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಯುದ್ಧ ನಡೆದ ತಾರೀಕು. ಇನ್ನೂ ಕೆಳಗೆ, ಎಡಗಡೆ, ಮುದ್ರಿಸಿದವರ ಹೆಸರು: ಎನ್. ಕರಿಯರ್. ಇಡೀ ವಾಕ್ಯವಾಗಿ ನಾನು ಮೊದಲು ಓದಿದ ಇಂಗ್ಲಿಷ್ ಅದೇ. ಶಾಲೆಯ ಪುಸ್ತಕ ಆಮೇಲೆ.

ಮಾವ ತೀರಿಕೊಂಡ ಮೇಲೆ ಅತ್ತೆ ಚಿತ್ರವನ್ನು ನನಗೇ ಕೊಟ್ಟರು. 'ನೀನು ಪ್ರಿಂಟಿಂಗಿನವನು, ನೀನೇ ಇಟ್ಟುಕೋ' ಎಂದರು. ಅಲ್ಲಿಯವರೆಗೆ ಅದನ್ನು ನಾನು ಸುಮ್ನೆ ಒಂದು ಚಿತ್ರ ಎಂದೇ ನೋಡಿದ್ದೆ. ಮನೆಗೆ ತಂದು, ಪ್ರೆಸ್ಸಿನಲ್ಲಿ ಡಾಟ್ ನೋಡುವ ಗ್ಲಾಸ್ ಇಟ್ಟು ನೋಡಿದೆ. ಆ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಎಂದು ಹೇಳುತ್ತೇನೆ. ಇಂದು ನಿಮ್ಮ ಪತ್ರಿಕೆಯ ಯಾವುದೇ ಬಣ್ಣದ ಫೋಟೋದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ನಾಲ್ಕು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು, ಸಾಲಾಗಿ, ಅಳತೆ ಹಿಡಿದು ಕೂತಿರುತ್ತವೆ. ಮಾವನ ಚಿತ್ರದಲ್ಲಿ ಒಂದೇ ಒಂದು ಚುಕ್ಕೆ ಸಾಲು ಇಲ್ಲ. ಕಪ್ಪು ಗೆರೆಗಳು ಮಾತ್ರ ಅಚ್ಚಾದವು. ಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನ್ ಎಳೆದಾಗ ಬರುವ ಹಾಗೆ, ಮರಳು ಮರಳಾಗಿ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬಣ್ಣ ಪೂರ್ತಿ ಕೈಯದ್ದು. ಬಾವುಟದ ಕೆಂಪು ಗೆರೆ ದಾಟಿ ಪಕ್ಕದ ಕುದುರೆಯ ಕಿವಿಗೆ ತಾಗಿದೆ. ಎಡಗಡೆ ಓಡುವ ಒಬ್ಬ ಸಿಪಾಯಿಯ ಒಂದು ಕಾಲಿಗೆ ನೀಲಿ ಇದೆ, ಇನ್ನೊಂದಕ್ಕೆ ಇಲ್ಲ. ಬಿಟ್ಟುಹೋಗಿದೆ. ಮೇಲೆ ಹೊಗೆಯ ಹತ್ತಿರ ಒಂದು ನೀಲಿ ಗುರುತು ಉಂಟು, ಬೆರಳು ತಾಗಿದ ಹಾಗೆ. ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆಂಪು ಬಣ್ಣ ಇರುವ ಜಾಗ ಮಾತ್ರ ಹೊಳೆಯುತ್ತದೆ. ಬಣ್ಣ ಕಳೆಗಟ್ಟಲಿ ಎಂದು ಆಗ ಅದರ ಮೇಲೆ ಗಮ್ ಅರೇಬಿಕ್, ಅಂದರೆ ಜಾಲಿ ಜಾತಿಯ ಮರದ ಅಂಟನ್ನು, ತೆಳುವಾಗಿ ಸವರುತ್ತಿದ್ದರು.

ಈ ಗಮ್ ನಮಗೆ ಪ್ರೆಸ್ಸಿನವರಿಗೆ ಹಳೆ ಪರಿಚಯ. ಊಟಕ್ಕೆ ಹೋಗುವಾಗ ಮೆಷಿನ್ ನಿಲ್ಲಿಸಿ, ಅಚ್ಚಿನ ಪ್ಲೇಟಿಗೆ ಸ್ಪಂಜಿನಲ್ಲಿ ಗಮ್ ಒರೆಸಿಯೇ ಹೋಗಬೇಕು. ಇಲ್ಲದಿದ್ದರೆ ಪ್ಲೇಟ್ ಹಾಳು. 34 ವರ್ಷ ಮಾಡಿದ ಕೆಲಸ. ಅದನ್ನು ಯಾರು ಶುರು ಮಾಡಿದರು ಎಂದು ಮೊದಲು ಗೊತ್ತಿರಲಿಲ್ಲ. 1796ರ ಹೊತ್ತಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬವರು ಕಲ್ಲಚ್ಚು ಕಂಡುಹಿಡಿದರು. ನಯವಾದ ಸುಣ್ಣದ ಕಲ್ಲು. ಅದರ ಮೇಲೆ ಜಿಡ್ಡಿನ ಕ್ರೇಯಾನಿನಿಂದ ಚಿತ್ರ, ಎಡ ಬಲ ತಿರುಗಿಸಿ. ಆಮೇಲೆ ಗಮ್ ಮತ್ತು ಸ್ವಲ್ಪ ಆಸಿಡ್. ಕಲ್ಲಿಗೆ ನೀರು ಹಚ್ಚಿದರೆ ಖಾಲಿ ಜಾಗ ನೀರು ಕುಡಿಯುತ್ತದೆ, ಜಿಡ್ಡು ಇರುವ ಜಾಗ ಕುಡಿಯುವುದಿಲ್ಲ. ಮೇಲಿಂದ ಇಂಕಿನ ರೋಲರ್ ಹೊಡೆದರೆ ಇಂಕು ಜಿಡ್ಡಿಗೆ ಮಾತ್ರ ಹಿಡಿಯುತ್ತದೆ. ಎಣ್ಣೆಗೂ ನೀರಿಗೂ ಆಗುವುದಿಲ್ಲ ಅಲ್ವಾ, ಅಷ್ಟೇ ಸಂಗತಿ. ನಮ್ಮ ಆಫ್‌ಸೆಟ್ಟೂ ಅದೇ. ಕಲ್ಲು ಹೋಗಿ ಅಲ್ಯೂಮಿನಿಯಂ ಪ್ಲೇಟ್ ಬಂತು, ನಡುವೆ ಒಂದು ರಬ್ಬರ್ ಬ್ಲಾಂಕೆಟ್ ಸೇರಿತು. ನೀರು ಮತ್ತು ಇಂಕಿನ ಹೊಂದಾಣಿಕೆ ತಪ್ಪಿದರೆ ಶೀಟೆಲ್ಲ ಮಸಿ. ಆ ಕಲ್ಲಿನ ಮುಂದೆ ನಿಂತಿದ್ದವನಿಗೂ ನನ್ನದೇ ತಲೆಬಿಸಿ ಇದ್ದಿರಬೇಕು.

ಇನ್ನು ಆ ಅಂಚಿನ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಫ್ರೇಮಿನ ಮರಕ್ಕೆ ಗೆದ್ದಲು ಹಿಡಿಯಿತು. ಚಿತ್ರಕ್ಕೆ ಏನೂ ಆಗಿರಲಿಲ್ಲ. ಹೊಸ ಫ್ರೇಮ್ ಹಾಕಿಸೋಣ ಎಂದು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಅಂಗಡಿಯ ಹೆಸರು ಇಲ್ಲಿ ಬೇಡ. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಾಲ್ಕು ದಿನ ಬಿಟ್ಟು ಹೋದೆ. ಚಿನ್ನದ ಬಣ್ಣದ ಪಟ್ಟಿಯ ಹೊಸ ಫ್ರೇಮ್ ತಂದು ಮೇಜಿನ ಮೇಲೆ ಇಟ್ಟರು. ನೋಡಿದರೆ ಕೆಳಗಿನ ಬಿಳಿ ಅಂಚು ಇಲ್ಲ. ನಾಲ್ಕೂ ಬದಿ ಬ್ಲೇಡಿನಲ್ಲಿ ಕೊಯ್ದು, ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಗೋಂದಿನಲ್ಲಿ ಅಂಟಿಸಿದ್ದರು.

'ಅಂಚಿನಲ್ಲಿ ಕಲೆ ಆಗಿತ್ತು ಸರ್, ತೆಗೆದುಬಿಟ್ಟೆವು. ಈಗ ನೀಟಾಗಿದೆ' ಎಂದ ಹುಡುಗ. ಅವನ ಮುಖದಲ್ಲಿ ಖುಷಿ ಇತ್ತು. ಒಳ್ಳೆಯ ಕೆಲಸ ಮಾಡಿದ ಖುಷಿ.

ನನಗೆ ಮಾತು ಬರಲಿಲ್ಲ. 'ಕತ್ತರಿಸಿದ ತುಂಡು ಎಲ್ಲಿ ಮಗಾ' ಎಂದು ಕೇಳಿದೆ. ಹಿಂದೆ ಕಸದ ಡಬ್ಬ ತೋರಿಸಿದ. ಗಾಜಿನ ಚೂರು, ಮರದ ಸಿಪ್ಪೆ, ಬೀಡಿಂಗಿನ ತುಂಡು, ದೇವರ ಕ್ಯಾಲೆಂಡರಿನ ಚೂರು. ನಾನೂ ಅವನೂ ಸೇರಿ ಅರ್ಧ ಗಂಟೆ ಹುಡುಕಿದೆವು. ಒಂದು ತುಂಡು ಸಿಕ್ಕಿತು. ಸುಮಾರು ನಾಲ್ಕು ಇಂಚು ಉದ್ದ, ಮುಕ್ಕಾಲು ಇಂಚು ಅಗಲ. ಅದರಲ್ಲಿ 'ವಿಸ್ತಾ' ಎಂಬ ಶಬ್ದದ ಕೊನೆಯ ಎರಡು ಅಕ್ಷರ, ಕೆಳಗೆ 1847. ಅಷ್ಟೇ. ಉಳಿದ ತುಂಡುಗಳು ಹಿಂದಿನ ದಿನವೇ ಕಸದ ಗಾಡಿಯಲ್ಲಿ ಹೋಗಿದ್ದವು. ಗಾಜಿನ ಚೂರಿಗೆ ಹುಡುಗನ ಬೆರಳು ಸ್ವಲ್ಪ ಕೊಯ್ದಿತು. ಪಾಪ, ಅವನು ಆಗಲೂ ಹುಡುಕುವುದು ಬಿಡಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಒಂದು ಪಟ್ಟಿ ಕಾಗದಕ್ಕೆ ಇಷ್ಟು ದುಃಖ ಯಾಕೆ ಎಂದು ಕೆಲವರು ಕೇಳಿದರು. ಹೆಂಡತಿಯೂ ಕೇಳಿದಳು. ಆ ಪಟ್ಟಿಯಲ್ಲಿ ಏನೇನು ಇತ್ತು ಎಂದು ಹೇಳಿದರೆ ಗೊತ್ತಾಗಬಹುದು.

ಮೊದಲನೆಯದು ವರ್ಷ. ನ್ಯೂಯಾರ್ಕಿನ ನಥಾನಿಯಲ್ ಕರಿಯರ್ ಸ್ವಂತ ವ್ಯಾಪಾರ ಶುರು ಮಾಡಿದ್ದು 1830ರ ದಶಕದಲ್ಲಿ. 1857ರಲ್ಲಿ ಜೇಮ್ಸ್ ಐವ್ಸ್ ಎಂಬವರು ಪಾಲುದಾರರಾದರು. ಆಮೇಲಿನ ಚಿತ್ರಗಳ ಅಂಚಿನಲ್ಲಿ 'ಕರಿಯರ್ ಅಂಡ್ ಐವ್ಸ್' ಎಂದಿರುತ್ತದೆ. ಬರೀ 'ಎನ್. ಕರಿಯರ್' ಎಂದಿದ್ದರೆ ಅದಕ್ಕೂ ಮುಂಚಿನದು. ಈ ಇಬ್ಬರ ಪ್ರೆಸ್ಸಿನಿಂದ ಏಳು ಸಾವಿರಕ್ಕೂ ಜಾಸ್ತಿ ಬೇರೆ ಬೇರೆ ಚಿತ್ರಗಳು ಬಂದವು. 1907ರಲ್ಲಿ ಕಂಪನಿ ಮುಚ್ಚಿತು. ಕಲ್ಲಿನ ಮೇಲಿನ ಚಿತ್ರ ಕೆಲಸ ಮುಗಿದ ಮೇಲೆ ಉಳಿಯುವಂಥದ್ದಲ್ಲ. ಉಜ್ಜಿ ತೆಗೆದು ಅದೇ ಕಲ್ಲಿನಲ್ಲಿ ಇನ್ನೊಂದು ಚಿತ್ರ ಬರೆಯುತ್ತಾರೆ. ಹಾಗಾಗಿ ಉಳಿಯುವುದು ಕಾಗದ ಮಾತ್ರ. ಕಾಗದದ ಹುಟ್ಟು ಎಲ್ಲಿ, ಯಾವಾಗ ಎಂದು ಹೇಳುವುದು ಆ ಅಂಚು ಮಾತ್ರ.

ಎರಡನೆಯದು ಯುದ್ಧದ ಹೆಸರು. ಅಮೆರಿಕಕ್ಕೂ ಮೆಕ್ಸಿಕೋಗೂ ನಡೆದ ಯುದ್ಧದ ಒಂದು ಕದನ ಅದು. 1847ರ ಫೆಬ್ರುವರಿ 22 ಮತ್ತು 23ರಂದು, ಮೆಕ್ಸಿಕೋದ ಸಾಲ್ಟಿಯೋ ಊರಿನ ಹತ್ತಿರ. ಅಮೆರಿಕದ ಕಡೆ ಜನರಲ್ ಝಕಾರಿ ಟೇಲರ್, ಹತ್ತಿರ ಹತ್ತಿರ 4,700 ಜನ. ಮೆಕ್ಸಿಕೋದ ಕಡೆ ಜನರಲ್ ಸಾಂತಾ ಆನಾ, ಸುಮಾರು 15,000 ಜನ. ಎರಡು ದಿನ ಕಾದಾಡಿ, 23ರ ರಾತ್ರಿ ಸಾಂತಾ ಆನಾ ಸೈನ್ಯ ಹಿಂದೆ ತೆಗೆದರು. ನ್ಯೂಯಾರ್ಕಿನಲ್ಲಿ ಇದನ್ನು ದೊಡ್ಡ ಗೆಲುವು ಎಂದು ಮುದ್ರಿಸಿ ಮಾರಿದರು. ಆದರೆ ಸಾಂತಾ ಆನಾ ಕೂಡ ಕಿತ್ತುಕೊಂಡ ಫಿರಂಗಿ, ಬಾವುಟ ತೋರಿಸಿ ಗೆದ್ದದ್ದು ತಾನೇ ಎಂದರು. ಮೆಕ್ಸಿಕೋದವರು ಇದನ್ನು ಬುಯೆನಾ ವಿಸ್ತಾ ಎಂದು ಕರೆಯುವುದೇ ಇಲ್ಲ. ಅವರಿಗೆ ಇದು ಲಾ ಅಂಗೊಸ್ತುರಾ ಯುದ್ಧ. ಆ ಇಕ್ಕಟ್ಟಾದ ಕಣಿವೆ ದಾರಿಯ ಹೆಸರು ಅದು. ಅಂದರೆ ಹೆಸರು ಯಾವುದು ಎನ್ನುವುದರಲ್ಲೇ ಚಿತ್ರ ಯಾರಿಗಾಗಿ ಮುದ್ರಿಸಿದ್ದು ಎಂದು ಇದೆ. ಅಂಚು ಹೋದ ಮೇಲೆ ನಮ್ಮ ಮನೆಗೆ ಬಂದ ಮೂವರು ಬೇರೆ ಬೇರೆ ಜನ ಒಂದೇ ಪ್ರಶ್ನೆ ಕೇಳಿದ್ದಾರೆ: 'ಇದು ಟಿಪ್ಪುವಿನ ಕಾಲದ್ದಾ?' ಅವರ ತಪ್ಪಲ್ಲ. ಕುದುರೆ, ಕತ್ತಿ, ಹೊಗೆ, ಫಿರಂಗಿ. ಹೆಸರಿಲ್ಲದಿದ್ದರೆ ಯುದ್ಧದ ಚಿತ್ರಗಳೆಲ್ಲ ಒಂದೇ ಥರ ಕಾಣುತ್ತವೆ.

ಹೆಸರು ಗೊತ್ತಿದ್ದರೆ ಚಿತ್ರವನ್ನು ಪ್ರಶ್ನೆ ಮಾಡಲೂ ಬರುತ್ತದೆ. ನನ್ನ ಚಿತ್ರದಲ್ಲಿ ಅಮೆರಿಕದ ಸಿಪಾಯಿಗಳಿಗೆಲ್ಲ ಒಂದೇ ದಟ್ಟ ನೀಲಿ ಕೋಟು. ಆದರೆ ಆ ದಿನ ಅಲ್ಲಿ ಕಾದಿದ ಮಿಸಿಸಿಪಿ ದಳದವರು ತೊಟ್ಟದ್ದು ಕೆಂಪು ಅಂಗಿ, ಬಿಳಿ ಪ್ಯಾಂಟು. ಆ ದಳದ ಕರ್ನಲ್ ಜೆಫರ್ಸನ್ ಡೇವಿಸ್ ಕಾಲಿಗೆ ಗುಂಡೇಟು ತಿಂದರು. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಅಧ್ಯಕ್ಷರಾದವರು ಅವರೇ. ಬಿಳಿ ಕುದುರೆಯ ಮೇಲೆ ಕೂತ ಟೇಲರ್ ಅವರಿಗೆ ನನ್ನ ಚಿತ್ರದಲ್ಲಿ ಭುಜದ ಮೇಲೆ ಬಂಗಾರದ ಜಾಲರಿ. ನಿಜವಾಗಿ ಆ ಜನರಲ್ ಯೂನಿಫಾರ್ಮ್ ಹಾಕುವುದೇ ಅಪರೂಪ. ಹಳೆ ಕೋಟು, ಹುಲ್ಲಿನ ಹ್ಯಾಟು ಹಾಕಿಕೊಂಡು ತಿರುಗುವವರು ಎಂದು ಹೆಸರಾಗಿದ್ದರು. ಬಿಳಿ ಕುದುರೆ ಮಾತ್ರ ನಿಜ. ಅದನ್ನು 'ಓಲ್ಡ್ ವೈಟಿ' ಎಂದು ಕರೆಯುತ್ತಿದ್ದರು. ಚಿತ್ರ ತಯಾರಾದದ್ದು ರಣರಂಗದಿಂದ ಸಾವಿರಾರು ಮೈಲಿ ದೂರದ ನ್ಯೂಯಾರ್ಕಿನಲ್ಲಿ. ಬಣ್ಣ ಹಚ್ಚಿದವರು ಯುದ್ಧ ನೋಡಿದವರಲ್ಲ.

ಈ ಯುದ್ಧದಲ್ಲಿ ಅಮೆರಿಕದ ಕಡೆ ಸತ್ತವರೇ 260ಕ್ಕೂ ಜಾಸ್ತಿ. ಮೆಕ್ಸಿಕೋದವರು ಸುಮಾರು 600. ಸತ್ತವರಲ್ಲಿ ಒಬ್ಬರು ಲೆಫ್ಟಿನೆಂಟ್ ಕರ್ನಲ್ ಹೆನ್ರಿ ಕ್ಲೇ. ಅವರ ತಂದೆಯ ಹೆಸರೂ ಹೆನ್ರಿ ಕ್ಲೇ, ಆ ಕಾಲದ ದೊಡ್ಡ ರಾಜಕಾರಣಿ. ಮರು ವರ್ಷ, 1848ರಲ್ಲಿ, ಅಧ್ಯಕ್ಷ ಚುನಾವಣೆಗೆ ನಿಲ್ಲಲು ಆ ತಂದೆ ಪಕ್ಷದ ಟಿಕೆಟ್ ಕೇಳಿದರು. ಪಕ್ಷ ಟಿಕೆಟ್ ಕೊಟ್ಟದ್ದು ಟೇಲರ್ ಅವರಿಗೆ. ಟೇಲರ್ ಗೆದ್ದು ಅಧ್ಯಕ್ಷರಾದರು. ಮಗ ಸತ್ತ ಯುದ್ಧದ ಜನರಲ್‌ಗೆ ತಂದೆ ಜಾಗ ಬಿಡಬೇಕಾಯಿತು. ಇಂಥ ಚಿತ್ರಗಳು ಆ ದಿನಗಳಲ್ಲಿ ಊರೂರಿಗೆ ಹೋಗಿ ಜನರಲ್‌ಗಳನ್ನು ಮನೆಮಾತು ಮಾಡಿದವು. ಸಣ್ಣ ಚಿತ್ರಕ್ಕೆ ಬೆಲೆ ಜಾಸ್ತಿ ಎಂದರೆ 20 ಸೆಂಟ್. ನನ್ನದು ಸಣ್ಣ ಸೈಜಿನದೇ, ಸುಮಾರು 8 ಇಂಚು ಎತ್ತರ, 12 ಇಂಚು ಅಗಲ. ಯಾರೋ ಒಬ್ಬ ರೈತನ ಅಡುಗೆ ಮನೆಯಲ್ಲೋ, ಕ್ಷೌರದ ಅಂಗಡಿಯಲ್ಲೋ ಮೊದಲು ತೂಗಿರಬಹುದು.

ಇನ್ನು ಬಣ್ಣದವರ ಕಥೆ. ನನಗೆ ಅತಿ ಹತ್ತಿರ ಅನಿಸುವುದು ಅದೇ. ಕರಿಯರ್ ಅವರ ಕಾರ್ಖಾನೆಯಲ್ಲಿ ಬಣ್ಣ ಹಚ್ಚುತ್ತಿದ್ದವರು ಹೆಂಗಸರು. ಹೆಚ್ಚಿನವರು ಜರ್ಮನ್ ಮನೆತನದವರು. ಉದ್ದ ಮೇಜು, ಎದುರಿಗೆ ಬಣ್ಣ ತುಂಬಿದ ಒಂದು ಮಾದರಿ ಚಿತ್ರ. ಒಬ್ಬಾಕೆಗೆ ಒಂದೇ ಬಣ್ಣ. ಕೆಂಪಿನಾಕೆ ಕೆಂಪು ಹಚ್ಚಿ ಪಕ್ಕಕ್ಕೆ ಕೊಡುವುದು, ನೀಲಿಯಾಕೆ ನೀಲಿ ಹಚ್ಚಿ ಮುಂದೆ ಕೊಡುವುದು. ಕೊನೆಗೆ ಒಬ್ಬರು ಕೂತು ತಿದ್ದುವುದು. ನಮ್ಮ ಪ್ರೆಸ್ಸುಗಳಲ್ಲಿ ಬೈಂಡಿಂಗ್ ವಿಭಾಗ ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಅಲ್ಲೂ ಹೆಂಗಸರೇ ಜಾಸ್ತಿ. ಮಡಚುವುದು ಒಬ್ಬರು, ಮಡಚಿದ ಹಾಳೆ ಜೋಡಿಸುವುದು ಒಬ್ಬರು, ಹೊಲಿಯುವುದು ಒಬ್ಬರು. ಪುಸ್ತಕದಲ್ಲಿ ಅವರ ಹೆಸರು ಎಲ್ಲೂ ಬರುವುದಿಲ್ಲ.

ಆ ಸಿಪಾಯಿಯ ಒಂದು ಕಾಲಿಗೆ ನೀಲಿ ಮರೆತಾಕೆ ಯಾರು? ಸಂಜೆ ಆಗಿತ್ತಾ? ದೀಪ ಮಂಕಾಗಿತ್ತಾ? ಮನೆಯಲ್ಲಿ ಮಗುವಿಗೆ ಜ್ವರ ಇತ್ತಾ? ನಾನು ಆ ಖಾಲಿ ಕಾಲನ್ನು ನೋಡಿದಾಗಲೆಲ್ಲ ಆಕೆಯನ್ನು ನೆನೆಯುತ್ತೇನೆ. ಇದೇ ಚಿತ್ರದ ಬೇರೆ ಪ್ರತಿಗಳಲ್ಲಿ ಆ ಕಾಲಿಗೆ ಬಣ್ಣ ಇದ್ದೀತು, ಬೇರೆಲ್ಲೋ ಬಿಟ್ಟುಹೋಗಿದ್ದೀತು. ಕೈಬಣ್ಣದ ಚಿತ್ರ ಎರಡು ಒಂದೇ ಥರ ಇರುವುದಿಲ್ಲ. ಈಗ ಅದನ್ನು ಹಾರ್ಡ್‌ಬೋರ್ಡಿಗೆ ಅಂಟಿಸಿದ್ದರಿಂದ ಹಿಂಬದಿ ನೋಡಲು ಆಗುವುದಿಲ್ಲ. ಮುಂಚೆ ಹಿಂಬದಿಯಲ್ಲಿ ಆ ಕೆಂಪು ಸ್ವಲ್ಪ ಇಳಿದು ಕಾಣುತ್ತಿತ್ತು. ನೀರುಬಣ್ಣ ಎಂದು ಅದರಿಂದಲೇ ಗೊತ್ತಾಗುತ್ತಿತ್ತು.

ಸಂಪಾದಕರೇ, ಇದು ಅಮೆರಿಕದ ಚಿತ್ರ, ನಮ್ಮ ಊರಿಗೆ ಎಂತ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಉಂಟು. ಕಲ್ಲಚ್ಚು ನಮ್ಮ ಮಂಗಳೂರಿನ ಹಳೆಯ ಕಸುಬು. 1841ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದರು. ಮರು ವರ್ಷ ತುಳುವಿನಲ್ಲಿ ಮತ್ತಾಯನ ಸುವಾರ್ತೆ ಅಲ್ಲೇ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ನಾವು ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನ ಮಾಡುವುದು ಅದರ ನೆನಪಿಗೇ. ಆ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸಿದ ಅಕ್ಷರ ಇರಲಿಲ್ಲ. ಕೈಯಲ್ಲಿ ಬರೆದ ಕನ್ನಡ, ಕಲ್ಲಿನಿಂದ ಅಚ್ಚಾದದ್ದು. ಮಾವನ ಚಿತ್ರ ನ್ಯೂಯಾರ್ಕಿನಲ್ಲಿ ಅಚ್ಚಾಗುವ ನಾಲ್ಕು ವರ್ಷ ಮೊದಲೇ ಇಲ್ಲಿ, ಇದೇ ಊರಿನಲ್ಲಿ, ಕಲ್ಲಿಗೆ ನೀರು ಒರೆಸಿ ಇಂಕಿನ ರೋಲರ್ ಹೊಡೆಯುವ ಜನ ಇದ್ದರು. ಕರಿಯರ್ ಅವರಿಗೆ ಹೆಸರು ತಂದದ್ದೂ ಪತ್ರಿಕೆಯೇ. 1840ರ ಜನವರಿಯಲ್ಲಿ ಲೆಕ್ಸಿಂಗ್ಟನ್ ಎಂಬ ಹಬೆ ಹಡಗು ಬೆಂಕಿಗೆ ಸಿಕ್ಕಿ ಮುಳುಗಿತು. ಮೂರು ದಿನದೊಳಗೆ ಅವರ ಕಲ್ಲಚ್ಚಿನ ಚಿತ್ರ ನ್ಯೂಯಾರ್ಕಿನ 'ಸನ್' ಪತ್ರಿಕೆಯ ವಿಶೇಷ ಹಾಳೆಯಾಗಿ ಬೀದಿಗೆ ಬಂತು.

ಒಮ್ಮೊಮ್ಮೆ ಇನ್ನೊಂದು ಯೋಚನೆ ಬರುತ್ತದೆ. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರು ಬ್ರಿಟಿಷರ ಕೈಯಿಂದ ಮಂಗಳೂರನ್ನು ಕಿತ್ತುಕೊಂಡು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಕಲ್ಯಾಣಪ್ಪನ ಕಾಟಕಾಯಿ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಕಲ್ಲಚ್ಚು ಇಲ್ಲಿಗೆ ಬಂದದ್ದು ಅದಾಗಿ ನಾಲ್ಕು ವರ್ಷದ ಮೇಲೆ. ಆ ಹದಿಮೂರು ದಿನಗಳ ಒಂದು ಚಿತ್ರವನ್ನು ಬರೆದು, ಬಣ್ಣ ಹಚ್ಚಿ, ಒಂದೆರಡು ದುಡ್ಡಿಗೆ ಸಂತೆಯಲ್ಲಿ ಮಾರಿದ್ದರೆ! ಎಷ್ಟು ಮನೆಯ ಚಾವಡಿಯಲ್ಲಿ ಇರುತ್ತಿತ್ತು.

ನಮ್ಮ ಮನೆಗಳಲ್ಲಿ ಇರುವ ಹಳೆ ಚಿತ್ರಗಳು ಹೆಚ್ಚಾಗಿ ರವಿವರ್ಮನ ದೇವರು. ಅವೂ ಕಲ್ಲಚ್ಚೇ. ಆದರೆ ಅದರಲ್ಲಿ ಬಣ್ಣ ಕೈಯಿಂದ ಹಚ್ಚಿದ್ದಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ರವಿವರ್ಮ 1894ರಲ್ಲಿ ಮುಂಬೈಯ ಘಾಟ್ಕೋಪರ್‌ನಲ್ಲಿ ಪ್ರೆಸ್ ಹಾಕಿದರು, ಆಮೇಲೆ ಅದು ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲೂ ಪ್ರೆಸ್ಸಿನ ಹೆಸರು ಇರುವುದು ಕೆಳಗಿನ ಅಂಚಿನಲ್ಲೇ. ಉಡುಪಿಯ ಕಡೆ ಬಿಚ್ಚುತ್ತಿದ್ದ ಒಂದು ಹಳೆ ಮನೆಗೆ ಎರಡು ವರ್ಷದ ಹಿಂದೆ ಹೋಗಿದ್ದೆ. ಅಟ್ಟದಿಂದ ಇಳಿಸಿದ ಏಳು ಚಿತ್ರಗಳಲ್ಲಿ ಐದಕ್ಕೆ ಅಂಚು ಇರಲಿಲ್ಲ. ಲಕ್ಷ್ಮಿಯ ಸೀರೆಗೆ ಯಾರೋ ಅಜ್ಜಿ ಜರಿ, ಚಮಕಿ ಅಂಟಿಸಿದ್ದರು, ತುಂಬಾ ಚೆಂದ ಇತ್ತು. ಆದರೆ ಯಾವ ಪ್ರೆಸ್ಸಿನದು, ಯಾವ ಕಾಲದ್ದು ಎಂದು ಮನೆಯವರಿಗೆ ಹೇಳಲು ನನ್ನಿಂದ ಆಗಲಿಲ್ಲ.

ಹಾಗಾಗಿ ನನ್ನ ವಿನಂತಿ. ಫ್ರೇಮ್ ಅಂಗಡಿಯವರೇ, ಅಂಚು ಎಷ್ಟೇ ಕೊಳಕಾಗಿರಲಿ, ಹರಿದಿರಲಿ, ಕತ್ತರಿಸಬೇಡಿ. ಫ್ರೇಮ್ ಸಣ್ಣದಾದರೆ ಫ್ರೇಮನ್ನೇ ದೊಡ್ಡದು ಮಾಡಿ. ಗಿರಾಕಿ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತಾನೆ, ಕೇಳಿ ನೋಡಿ. ಚಿತ್ರವನ್ನು ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಬೇಡಿ, ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. 1847ರ ಕಾಗದ ಹತ್ತಿ ಬಟ್ಟೆಯ ಚಿಂದಿಯಿಂದ ಮಾಡಿದ್ದು. ಈಗಿನ ಪೇಪರಿಗಿಂತ ಗಟ್ಟಿ. ಅದನ್ನು ಹಾಳು ಮಾಡುವುದು ಹಿಂದೆ ಇಡುವ ಅಗ್ಗದ ರಟ್ಟು. ರಟ್ಟಿನ ಹುಳಿ ಕಾಗದಕ್ಕೆ ಇಳಿದು ಕಂದು ಕಲೆ ಆಗುತ್ತದೆ. ಗಾಜು ಚಿತ್ರಕ್ಕೆ ನೇರ ತಾಗಬಾರದು. ನಮ್ಮ ಮಳೆಗಾಲದಲ್ಲಿ ಗಾಜಿನ ಒಳಗೆ ನೀರಾಡುತ್ತದೆ, ಚಿತ್ರ ಗಾಜಿಗೆ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಎದ್ದು ಬರುತ್ತದೆ. ನಡುವೆ ದಪ್ಪ ಮೌಂಟ್, ಅಂದರೆ ಚಿತ್ರದ ಸುತ್ತ ಬರುವ ಒಳಚೌಕಟ್ಟು, ಇಟ್ಟು ಗಾಳಿಗೆ ಜಾಗ ಬಿಡಿ. ಬಿಸಿಲು ಬೀಳುವ ಗೋಡೆ ಬೇಡ. ಹೊರಗಿನ ಗೋಡೆಯೂ ಬೇಡ, ಅದು ಮಳೆಗೆ ಒದ್ದೆ ಎಳೆಯುತ್ತದೆ.

ಮನೆಯವರೇ, ಚಿತ್ರ ಅಂಗಡಿಗೆ ಕೊಡುವ ಮೊದಲು ಫ್ರೇಮ್ ಬಿಚ್ಚಿ, ಅಂಚಿನ ಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಾನು ಅದೊಂದನ್ನು ಮಾಡಿದ್ದರೆ ಇವತ್ತು ಎಡಗಡೆಯ ಆ ಸಣ್ಣ ಅಕ್ಷರದ ಸಾಲು ಪೂರ್ತಿ ಓದಬಹುದಿತ್ತು. ಮೊಬೈಲ್ ನನ್ನ ಜೇಬಿನಲ್ಲೇ ಇತ್ತು.

ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಕಾಲದ ದಾಖಲೆಗಳನ್ನು ಕಾಪಾಡಿದ್ದಾರೆ. ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ ಇದೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ. ಇವರಲ್ಲಿ ಯಾರಾದರೂ ವರ್ಷಕ್ಕೆ ಒಂದು ದಿನ, ಬಣ್ಣ ಹೊಡೆಯುವ ಈ ತಿಂಗಳಲ್ಲೇ, ಒಂದು ಮೇಜು ಹಾಕಿ ಕೂತರೆ ಒಳ್ಳೆಯದು. ಜನ ತಮ್ಮ ಹಳೆ ಚಿತ್ರ ತರಲಿ, ಅದು ಏನು, ಹೇಗೆ ಇಟ್ಟುಕೊಳ್ಳಬೇಕು ಎಂದು ಕೇಳಿಕೊಂಡು ವಾಪಸ್ ಒಯ್ಯಲಿ. ಯಾರೂ ಯಾರಿಗೂ ಚಿತ್ರ ಕೊಡಬೇಕಾಗಿಲ್ಲ. ಆ ದಿನ ನನ್ನ ಗ್ಲಾಸ್ ಹಿಡಿದುಕೊಂಡು ನಾನೂ ಬಂದು ಕೂರುತ್ತೇನೆ. ಬೆಳಗ್ಗಿನಿಂದ ಸಂಜೆವರೆಗೆ. ಆ ಅಂಗಡಿಯ ಹುಡುಗನನ್ನೂ ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾನೆ.

ಕೊನೆಗೆ ನಿಮ್ಮಲ್ಲೂ ಒಂದು ಮಾತು. ಪತ್ರಿಕೆಯಲ್ಲಿ ಹಳೆ ಚಿತ್ರ ಹಾಕುವಾಗ ಪುಟದ ಅಳತೆಗೆ ಕತ್ತರಿಸುವುದು ನನಗೆ ಗೊತ್ತು. ಆ ಕೆಲಸದ ಪಕ್ಕದಲ್ಲೇ ನಾನು ಜೀವನ ಮಾಡಿದ್ದೇನೆ. ಮೊದಲು ಹೋಗುವುದು ಕೆಳಗಿನ ಬರಹದ ಸಾಲು. ಈ ಪತ್ರದ ಜೊತೆ ನಮ್ಮ ಚಿತ್ರದ ಒಂದು ಫೋಟೋ ಇಟ್ಟಿದ್ದೇನೆ. ಚಿತ್ರದ ಕೆಳಗೆ, ಮೊದಲು ಅದು ಇದ್ದ ಜಾಗದಲ್ಲೇ, ಕಸದ ಡಬ್ಬದಲ್ಲಿ ಸಿಕ್ಕಿದ ನಾಲ್ಕು ಇಂಚಿನ ತುಂಡನ್ನು ಇಟ್ಟು ತೆಗೆದ ಫೋಟೋ ಅದು. ಜಾಗ ಇದ್ದರೆ ಹಾಕಿ. ಹಾಕುವುದಾದರೆ ದಯವಿಟ್ಟು ಆ ತುಂಡು ಸೇರಿಸಿಯೇ ಹಾಕಿ. ಜಾಗ ಸಾಲದಿದ್ದರೆ ಮೇಲಿನ ಆಕಾಶವನ್ನು ಸ್ವಲ್ಪ ಕಡಿಮೆ ಮಾಡಿ, ಅಲ್ಲಿ ಹೊಗೆ ಮಾತ್ರ ಇದೆ.

ಇಂತಿ,
ಒಬ್ಬ ನಿವೃತ್ತ ಆಫ್‌ಸೆಟ್ ಮುದ್ರಕ
ಕಾವೂರು, ಮಂಗಳೂರು